ಕುತ್ತಿಗೆಯ ದಾರ, ದೋಣಿಯ ನಂಬರ್

ಎಲ್ರಿಗೂ ನಮಸ್ಕಾರ. ಬೈತಖೋಲ ಬಂದರಲ್ಲಿ ಬಲೆ ಹೊಲೀತಾ ಕೂತವ್ರು, ಬಿಣಗಾದಲ್ಲಿ ಮೀನು ಸಾರಿಗೆ ಕಾಯಿ ರುಬ್ತಾ ರೇಡಿಯೋ ಹಚ್ಚಿಟ್ಟವ್ರು, ನಿಮ್ಮ ಹತ್ರಾನೇ ಮಾತಾಡ್ತಿದ್ದೇನೆ ಅಂದ್ಕೊಳ್ಳಿ. ತಾಯಿತ, ದೃಷ್ಟಿದಾರ ಇದಕ್ಕೆಲ್ಲ ಕ್ಯಾಥೊಲಿಕರು ಏನಂತಾರೆ ಅಂತ ಹೇಳಿ ಅಂದ್ರು ರೇಡಿಯೋದವ್ರು. ಐದು ನಿಮಿಷ ಕೊಟ್ಟಿದ್ದಾರೆ, ಹಾಗಾಗಿ ಒಂದೇ ಮಾತು. ದಾರಕ್ಕೆ ಶಕ್ತಿ ಇಲ್ಲ.

ನಾನು ಹೊಸದಾಗಿ ಪಾದ್ರಿ ಆಗಿ ಅಂಕೋಲೆ ಕಡೆ ಒಂದು ಸಣ್ಣ ಚರ್ಚಿಗೆ ಹೋಗಿದ್ದೆ. ಮಳೆಗಾಲ, ದೋಣಿ ಎಲ್ಲ ದಡದ ಮೇಲೆ. ಒಬ್ರು ಅಜ್ಜಿ, ನಾವೆಲ್ಲ ಮಾಯ್ ಅಂತ ಕರೀತಿದ್ವಿ, ಮೊಮ್ಮಗನ್ನ ಸೊಂಟದ ಮೇಲೆ ಕೂರಿಸ್ಕೊಂಡು ಬಂದ್ರು. ಪೋರನ ಕುತ್ತಿಗೆ ನೋಡ್ಬೇಕಿತ್ತು ನೀವು! ಮಾತೆ ಮರಿಯಮ್ಮನ ಮೆಡಲ್ಲು, ಸಂತ ಅಂತೋಣಿದು ಇನ್ನೊಂದು, ಸ್ಕಾಪುಲರ್ ಅಂತ ನಾವು ದಾರದಲ್ಲಿ ಕುತ್ತಿಗೆಗೆ ಹಾಕೋ ಕಂದು ಬಟ್ಟೆ ತುಂಡು, ಕರಿ ದಾರ, ಅದರ ಮಧ್ಯೆ ಒಂದು ತಾಮ್ರದ ತಾಯಿತ, ಸಾಲದು ಅಂತ ಕೆನ್ನೆ ಮೇಲೆ ಕಾಡಿಗೆ ಬೊಟ್ಟು. ಬೆವರಿಗೆ ದಾರ ಉಜ್ಜಿ ಉಜ್ಜಿ ಕುತ್ತಿಗೆ ಸುತ್ತ ಕೆಂಪು ಗುಳ್ಳೆ ಎದ್ದಿದೆ, ಮೈ ಕಾದ ಹೆಂಚು. ಮಾಯ್ ಹೇಳ್ತಾರೆ, ಫಾದರ್, ಎಲ್ಲಕ್ಕೂ ಒಟ್ಟಿಗೆ ಆಶೀರ್ವಾದ ಮಾಡಿಬಿಡಿ, ತಾಯಿತಕ್ಕೂ.

ಮೊದ್ಲು ಡಾಕ್ಟರ್ ಹತ್ರ ಹೋಗಿ ಮಾಯ್, ತಾಯಿತ ಬಿಚ್ಚಿ ಅಂದೆ. ಬಸ್ ಸ್ಟ್ಯಾಂಡಲ್ಲಿ ಕೊಟ್ಟವ ಬಿಚ್ಚಿದ್ರೆ ಮಗು ಉಳಿಯೋಲ್ಲ ಅಂದಿದ್ದಾನಂತೆ. ನೋಡಿ, ಹೆದರಿಸಿ ಮಾರೋದು ಅಂದ್ರೆ ಇದು. ನಂಗೆ ಸಿಟ್ಟು ಬಂತು, ಹೊಸ ಪಾದ್ರಿ ಅಲ್ವಾ, ಸ್ವಲ್ಪ ಜೋರಾಗೇ ಪಾಪ ಅದು ಇದು ಅಂದೆ. ಮಾಯ್ ತಣ್ಣಗೆ ಕೇಳಿದ್ರು, ನಿಮ್ಮ ದಾರ ಪುಣ್ಯ, ಅವನ ದಾರ ಪಾಪ, ಎರಡೂ ದಾರವೇ ಅಲ್ದಾ?

ನಂಗೆ ಉತ್ತರ ಹೊಳೀಲಿಲ್ಲ. ಸೆಮಿನರೀಲಿ ವರ್ಷಗಟ್ಲೆ ಓದಿ ಬಂದವ ಬಾಯಿ ಮುಚ್ಚಿ ನಿಂತಿದ್ದೆ. ಆಮೇಲೆ ಹೊರಗೆ ಅವರ ಮನೆಯ ದೋಣಿ ಕಂಡ್ತು. ಮಾಯ್, ಆ ದೋಣಿ ಮೇಲೆ ಬರೆದ ನಂಬರ್ ದೋಣೀನ ತೇಲಿಸ್ತದಾ ಅಂತ ಕೇಳ್ದೆ. ಎಂತ ಮಾತು ಫಾದರ್, ತೇಲಿಸೋದು ಹಲಗೆ, ನಂಬರ್ ಇದ್ರೆ ಯಾರ ದೋಣಿ ಅಂತ ಗೊತ್ತಾಗ್ತದೆ ಅಂದ್ರು. ಸ್ಕಾಪುಲರೂ ಅಷ್ಟೇ ಅಂದೆ. ಸನ್ಯಾಸಿಗಳ ಉಡುಪಿನ ಸಣ್ಣ ರೂಪ ಅದು, ನಾನು ಈ ಮನೆಯವ ಅಂತ ಗುರುತು. ತೇಲಿಸೋದು ದೇವರು. ದಾರಕ್ಕೆ ಶಕ್ತಿ ಇಲ್ಲ.

ಮಾಯ್ ತಾಯಿತ ಬಿಚ್ಚಿದ್ರು, ಪೋರ ಆಸ್ಪತ್ರೆಗೂ ಹೋದ, ಜ್ವರಾನೂ ಇಳೀತು. ನಾ ಗೆದ್ದೆ ಅಂದ್ಕೊಂಡೆ. ಮುಂದಿನ ಭಾನುವಾರ ನೋಡ್ತೇನೆ, ಅದೇ ತಾಯಿತ ದೋಣಿ ಮೂತಿಗೆ ನೇತಾಡ್ತಿದೆ! ಮಗುವಿಗೆ ಬೇಡ ಅಂದಿದ್ದು ನೀವು, ದೋಣಿ ವಿಷ್ಯ ಏನೂ ಹೇಳ್ಲಿಲ್ಲವಲ್ಲ ಅಂತ ಮಾಯ್.

ಅಯ್ಯೋ, ಟೈಮ್ ಆಯ್ತು ಅಂತ ಗಾಜಿನ ಆಚೆಯಿಂದ ಕೈ ತೋರಿಸ್ತಿದ್ದಾರೆ. ಬೇಗ ಹೇಳಿಬಿಡ್ತೇನೆ. ಇದು ನನ್ನ ಸ್ವಂತ ಅಭಿಪ್ರಾಯ ಅಲ್ಲ, 1992ರಲ್ಲಿ ಬಂದ ನಮ್ಮ ಕ್ಯಾಥೊಲಿಕ್ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2117ನೇ ಕಲಮು ನೋಡಿ, ತಾಯಿತ ಕಟ್ಟೋದೂ ತಪ್ಪು ಅಂತ ಬರೆದಿದೆ. ಹಳೇ ಕಾಲದಲ್ಲಿ ಪಾದ್ರಿಗಳೇ ತಾಯಿತ ಮಾಡಿ ಕೊಡ್ತಿದ್ರೋ ಏನೋ, 4ನೇ ಶತಮಾನದಲ್ಲಿ ಲಾವೊದಿಸೇಯ ಅನ್ನೋ ಊರಲ್ಲಿ ಸೇರಿದ ಧರ್ಮಗುರುಗಳ ಸಭೆ, ಪಾದ್ರಿಗಳು ತಾಯಿತ ಮಾಡಕೂಡ್ದು ಅಂತ ಕಟ್ಟಳೆ ಹಾಕಬೇಕಾಯ್ತು. ಮಾಡದೆ ಇದ್ರೆ ಯಾಕೆ ಹಾಕ್ತಿದ್ರು ಹೇಳಿ!

ಇನ್ನೊಂದು, ಇದು ನಮ್ಮವರಿಗೆ ನೋವಾದ್ರೂ ಸರಿ. 2111ನೇ ಕಲಮು ಪ್ರಾರ್ಥನೆ ಬಗ್ಗೇನೇ ಹೇಳ್ತದೆ. ಮನಸ್ಸಿಲ್ಲದೆ ಬರೀ ಬಾಯಲ್ಲಿ ಹೇಳಿದ್ರೆ ಕೆಲಸ ಆಗ್ತದೆ ಅಂತ ನಂಬಿದ್ರೆ ಅದೂ ಮೂಢನಂಬಿಕೆ. ವಾಟ್ಸಾಪಲ್ಲಿ ಒಂಬತ್ತು ಜನರಿಗೆ ಕಳಿಸಿ, ಕಳಿಸದಿದ್ರೆ ಕೆಟ್ಟದಾಗ್ತದೆ ಅಂತ ಸಂತರ ಫೋಟೋ ಹಾಕಿ ಕಳಿಸ್ತೀರಲ್ಲ, ಅದು ತಾಯಿತವೇ, ದಾರ ಒಂದು ಇಲ್ಲ ಅಷ್ಟೇ. ದಯವಿಟ್ಟು ನಂಗೆ ಕಳಿಸ್ಬೇಡಿ.

ಹರಿದ ಸ್ಕಾಪುಲರ್ ಏನ್ಮಾಡ್ಬೇಕು ಅಂತ ತುಂಬಾ ಜನ ಕೇಳ್ತಾರೆ. ಸುಟ್ಟುಬಿಡಿ, ಇಲ್ಲಾ ಹಿತ್ತಿಲ ಮಣ್ಣಲ್ಲಿ ಹೂಳಿ, ಕೇಡೇನೂ ಆಗೋಲ್ಲ. ಕಾಳಿ ನದಿಗೆ ಮಾತ್ರ ಎಸೀಬೇಡಿ, ಬಲೆಗೆ ಸಿಕ್ಕಿ ಮತ್ತೆ ನಮ್ಮ ಚರ್ಚಿಗೇ ಬರ್ತದೆ. ಬರ್ತೇನೆ, ನಮಸ್ಕಾರ.