ಚೆನ್ನಾಗಿತ್ತಲ್ಲ ಸರ್, ಯಾಕೆ ಕೆಡಿಸಿದ್ರಿ?

ನಮಸ್ಕಾರ. ಇವತ್ತು ಪೇಂಟಿಂಗ್ ಇಲ್ಲ, ಬರೀ ಜಗಳ.

ಹೋದ ವಾರ ಒಂದು ಟೈಮ್‌ಲ್ಯಾಪ್ಸ್ ಹಾಕಿದ್ದೆ. ಹನ್ನೊಂದು ದಿನದ ಕೆಲಸ, ಆರು ನಿಮಿಷದ ವಿಡಿಯೋ. ಕೆಳಗೆ ಒಬ್ಬರು ಬರೆದಿದ್ದಾರೆ: "ಸರ್, ಎರಡನೇ ನಿಮಿಷಕ್ಕೇ ಚಿತ್ರ ಮುಗಿದಿತ್ತು. ಆಮೇಲೆ ನೀವು ಮಾಡಿದ್ದೆಲ್ಲಾ ಕೆಡಿಸೋ ಕೆಲಸ." ಅದಕ್ಕೆ ನಾನೂರು ಲೈಕು! ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ಎರಡನೇ ನಿಮಿಷದಲ್ಲಿ ಏನಿತ್ತು? ಬಲಗಡೆ ಮೇಲ್ಮೂಲೆಯಲ್ಲಿ ಒಂದು ನೀಲಿ ಪಟ್ಟಿ. ಮಳೆ ಬಿಟ್ಟ ಆಕಾಶದ ಹಾಗೆ, ಒಂದೇ ಎಳೆತಕ್ಕೆ ಬಂದಿದ್ದು. ಚೆನ್ನಾಗಿತ್ತು, ಒಪ್ಕೋತೀನಿ. ಚೆನ್ನಾಗಿತ್ತು ಅಂತಲೇ ಕೆರೆದಿದ್ದು! ಆ ಮೂಲೆ ಬಂದ ದಿನದಿಂದ ನಾನು ಚಿತ್ರ ಬರೀತಿರಲಿಲ್ಲ, ಅದಕ್ಕೆ ಕಾವಲು ಕಾಯ್ತಿದ್ದೆ. ಕೆಳಗಿನ ಬಯಲಿಗೆ ಕಾವಿ ಹಾಕೋಣ ಅಂದ್ರೆ, ಬೇಡ, ನೀಲಿ ಮಂಕಾಗತ್ತೆ. ದಿಗಂತ ಎರಡು ಬೆರಳು ಏರಿಸೋಣ ಅಂದ್ರೆ, ಬೇಡ, ನೀಲಿಗೆ ತಾಗತ್ತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನನ್ನ ಹೆಗ್ಗಣ ನೀಲಿ ಬಣ್ಣದ್ದು.

ಕ್ಯಾನ್ವಾಸ್ ತಲೆಕೆಳಗು ಮಾಡಿ ನೋಡಿದೆ. ಮೊಬೈಲಲ್ಲಿ ಕಪ್ಪುಬಿಳುಪು ಫೋಟೋ ತೆಗೆದೆ. ಬಣ್ಣ ಹೋದ ತಕ್ಷಣ ಆ ನೀಲಿ, ಪಕ್ಕದ ಬೂದು, ಎರಡೂ ಒಂದೇ! ಇಡೀ ಚಿತ್ರಕ್ಕೆ ಯಜಮಾನ ಅಂದ್ಕೊಂಡಿದ್ದವನು ಅಲ್ಲಿ ಇರಲೇ ಇಲ್ಲ.

ಪ್ಯಾಲೆಟ್ ನೈಫ್ ತಗೊಂಡೆ, ಕೆರೆದೆ. ನೇಯ್ಗೆಯ ಕುಳಿಗಳಲ್ಲಿ ಮಾತ್ರ ನೀಲಿ ಉಳೀತು. ಉಬ್ಬಿನ ಮೇಲೆಲ್ಲಾ ವಾರದ ಹಿಂದೆ ಹಚ್ಚಿ ಒಣಗಿದ್ದ ಕಿತ್ತಳೆ ಎದ್ದು ಬಂತು. ಅಂಥ ಸಂಜೆಯನ್ನ ಬ್ರಶ್ಶಲ್ಲಿ ಬರೆದು ತೋರಿಸಿ ನೋಡೋಣ.

ಚಿತ್ರದಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋ ಮೂಲೆ ಮೊದಲು ಹೋಗಬೇಕು. ಅಷ್ಟೇ ನಾನು ಹೇಳೋದು.

"ಅದನ್ನ ಹಾಗೇ ಬಿಟ್ಟು ಇನ್ನೊಂದು ಕ್ಯಾನ್ವಾಸ್ ತಗೋಬಹುದಿತ್ತು" ಅಂತ ಇನ್ನೊಬ್ಬರ ಸಲಹೆ. ಸರಿ ಸ್ವಾಮಿ, ಹೊಸ ಕ್ಯಾನ್ವಾಸಿನ ಅಡಿಗೆ ಆ ಕಿತ್ತಳೆ ಎಲ್ಲಿಂದ ತರ್ಲಿ? ಅಮೆರಿಕದ ಚಿತ್ರಕಾರ ಡಿಬೆನ್‌ಕಾರ್ನ್ 1967ರಲ್ಲಿ ಶುರು ಮಾಡಿದ ಓಷನ್ ಪಾರ್ಕ್ ಚಿತ್ರಸರಣಿ ನೋಡಿ. ತಿದ್ದಿದ ಗೆರೆ, ಮುಚ್ಚಿದ ಬಣ್ಣ, ಎಲ್ಲಾ ತೆಳು ಪದರದ ಹಿಂದಿನಿಂದ ಇಣುಕ್ತಿರತ್ತೆ. ಹೀಗೆ ಇಣುಕೋದಕ್ಕೆ ಪೆಂಟಿಮೆಂಟೊ ಅಂತಾರೆ, ಇಟಾಲಿಯನ್ನಲ್ಲಿ ಪಶ್ಚಾತ್ತಾಪ ಅಂತ ಅರ್ಥ. ನನಗೇನೂ ಪಶ್ಚಾತ್ತಾಪ ಇಲ್ಲ, ಆ ಮಾತು ಬೇರೆ.

"ಅಂತಃಪ್ರೇರಣೆ ಅಂದ್ರೆ ಮನಸ್ಸಿಗೆ ಬಂದ ಹಾಗೆ ಬಳಿಯೋದು ತಾನೇ?" ಅಂತ ಮತ್ತೊಬ್ಬರು. ಆಹಾ! ಎಣ್ಣೆ ಬಣ್ಣ ಬಟ್ಟೆ ಥರ ಆರಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗತ್ತೆ. ಕೆಳಗಿನ ಪದರಕ್ಕಿಂತ ಮೇಲಿನದ್ರಲ್ಲಿ ಎಣ್ಣೆ ಕಮ್ಮಿಯಾದ್ರೆ ಮುಂದೆ ಬಿರುಕು ಬಿಡಬಹುದು. ಅದೆಲ್ಲಾ ಗೊತ್ತಿರೋ ಕೈಯೇ ಕೆರೆಯೋದು. (ಇದರ ಬಗ್ಗೆ ಒಂದು ಪೂರ್ತಿ ವಿಡಿಯೋ ಇದೆ, ಯಾರೂ ನೋಡಿಲ್ಲ. ಲಿಂಕ್ ಕೆಳಗಿದೆ. ಪ್ಲೀಸ್.)

1832ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಪ್ರದರ್ಶನದ ಗೋಡೆಗೆ ಚಿತ್ರ ಏರಿದ ಮೇಲೂ ಇಂಗ್ಲಿಷ್ ಚಿತ್ರಕಾರ ಟರ್ನರ್ ಬಿಡಲಿಲ್ಲ. ಪಕ್ಕದಲ್ಲೇ ಜಾನ್ ಕಾನ್‌ಸ್ಟೇಬಲ್ ಅನ್ನೋ ಇನ್ನೊಬ್ಬ ಚಿತ್ರಕಾರನ ಚಿತ್ರ ಝಗಮಗ ಅಂತಿತ್ತು. ಟರ್ನರ್ ಬಂದು ತನ್ನ ಬೂದು ಸಮುದ್ರಕ್ಕೆ ಒಂದು ಚೂರು ಕೆಂಪು ಮೆತ್ತಿ ಹೊರಟೇ ಹೋದ. ಆಮೇಲೆ ವಾಪಸ್ ಬಂದು ಅದನ್ನ ತೇಲುಬುರುಡೆಯಾಗಿ (ಹಡಗಿಗೆ ಗುರುತಾಗಿ ನೀರಲ್ಲಿ ತೇಲಿಬಿಡೋ ಬಾಯ್) ತಿದ್ದಿದ. ಮೊದಲು ಕೆಂಪು ಬಂತು, ಬುರುಡೆ ಆಮೇಲೆ! ಅವತ್ತು ಕಾಮೆಂಟ್ ಬಾಕ್ಸ್ ಇದ್ದಿದ್ರೆ ಅವನಿಗೂ ಬರೀತಿದ್ರು, "ಸರ್, ಬೂದು ಚೆನ್ನಾಗಿತ್ತು."

ಚೆನ್ನಾಗಿರೋ ಮೂಲೆ ಹೋಗಬೇಕು! ಮುದ್ದಾಗಿದ್ಯಾ? ಕೆರೀರಿ. ಅಳು ಬರತ್ತಾ? ಅಳ್ತಾ ಕೆರೀರಿ. ಇದಕ್ಕೆ ಇನ್ನೊಂದು ಕಾರಣ ಬರ್ಕೊಂಡಿದ್ದೆ, ಆ ಹಾಳೆ ಮೇಲೆ ಟರ್ಪೆಂಟೈನ್ ಚೆಲ್ಲಿದೆ. ಕಾರಣ ಯಾಕೆ ಬೇಕು ಬಿಡಿ, ಕೆರೀರಿ!

"ಹಾಗಾದ್ರೆ ಒಂದೂ ಹಾಳಾಗಲ್ವಾ?" ಆಗತ್ತೆ. ನನ್ನ ಹಿಂದೆ ಗೋಡೆಗೆ ಮುಖ ಮಾಡ್ಕೊಂಡು ನಾಲ್ಕು ನಿಂತಿದಾವಲ್ಲ, ಏನು ಅಂದ್ಕೊಂಡ್ರಿ? ಅವುಗಳ ಬಗ್ಗೆ ವಿಡಿಯೋ ಮಾಡಲ್ಲ.

ಸಬ್‌ಸ್ಕ್ರೈಬ್ ಮಾಡಿ. ಆ ನಾನೂರು ಜನಾನೂ.