ಪುಷ್ಪಕ ವಿಮಾನವನ್ನು ಎರಡು ಪಟ್ಟು ಸ್ಪೀಡಲ್ಲಿ ನೋಡಿದ ಮಹಾನುಭಾವರಿಗೆ

ನಮಸ್ಕಾರ. ಇವತ್ತು ಬೇರೆ ಏನೋ ಮಾತಾಡಬೇಕು ಅಂತಿದ್ದೆ. ಬೆಳಿಗ್ಗೆ ಕಾಫಿ ಹಿಡಿದು ಕಾಮೆಂಟ್ ಓದಲು ಕೂತೆ, ಕಾಫಿ ಆರಿಹೋಯಿತು. ಒಬ್ಬರು ಬರೆದಿದ್ದಾರೆ: ‘ಪುಷ್ಪಕ ವಿಮಾನ ಎರಡು ಪಟ್ಟು ಸ್ಪೀಡಲ್ಲಿ ನೋಡಿದೆ. ಹೇಗೂ ಮಾತಿಲ್ವಲ್ಲ, ಏನೂ ಮಿಸ್ ಆಗಲ್ಲ.’

ಏನೂ ಮಿಸ್ ಆಗಲ್ವಾ?

ಸ್ವಾಮಿ, ಅದು ಮಾತಿಲ್ಲದ ಸಿನಿಮಾ. ಸದ್ದಿಲ್ಲದ ಸಿನಿಮಾ ಅಲ್ಲ. 1987ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ನಮ್ಮ ಬೆಂಗಳೂರಲ್ಲೇ ತೆಗೆದರು. ನಿರ್ಮಾಪಕರು ನಮ್ಮ ಶೃಂಗಾರ್ ನಾಗರಾಜ್. ಕಮಲ್ ಹಾಸನ್ ಕೆಲಸವಿಲ್ಲದ ಹುಡುಗ. ಕುಡಿದು ರಸ್ತೆಯಲ್ಲಿ ಬಿದ್ದಿದ್ದ ಸಾಹುಕಾರನನ್ನು ಕೂಡಿಹಾಕಿ, ಅವನ ದೊಡ್ಡ ಹೋಟೆಲ್ ರೂಮಲ್ಲಿ ಠಿಕಾಣಿ ಹೂಡುತ್ತಾನೆ. ಹಾಸಿಗೆ ಮೆತ್ತಗಿದೆ. ನಿದ್ದೆ ಮಾತ್ರ ಬರಲ್ಲ. ಅವನ ಹಳೇ ರೂಮು ಟಾಕೀಸಿನ ಪಕ್ಕ, ದಿನಾ ರಾತ್ರಿ ಫೈಟಿಂಗ್ ಸದ್ದಲ್ಲೇ ಮಲಗಿ ಅಭ್ಯಾಸ. ಕೊನೆಗೆ ಆ ಗಲಾಟೆಯನ್ನು ಟೇಪ್ ರೆಕಾರ್ಡರಿಗೆ ತುಂಬಿಸಿಕೊಂಡು ಬರುತ್ತಾನೆ. ಬಟನ್ ಒತ್ತುತ್ತಾನೆ. ಢಿಶುಂ ಢಿಶುಂ. ಆಮೇಲೆ ಸೊಗಸಾಗಿ ನಿದ್ದೆ!

ಈಗ ಹೇಳಿ. ಆ ಹೊರಳಾಟ, ಆ ಬಿಕೋ ಅನ್ನುವ ರೂಮು, ನೀವು ಸರ್ರಂತ ಓಡಿಸಿದರೆ ಉಳಿಯೋದೇನು? ಬಟನ್ನು. ಮಾತಿಲ್ಲ ಕಣ್ರೀ, ಸದ್ದಿದೆ!

ಇನ್ನೊಬ್ಬರು: ‘ಚಾಪ್ಲಿನ್ 1931ರಲ್ಲೇ ಮಾತಿಲ್ಲದ ಸಿನಿಮಾ ಸಿಟಿ ಲೈಟ್ಸ್ ಮಾಡಿದ್ದ, ಇದರಲ್ಲಿ ಹೊಸದೇನು?’ ನಿಮ್ಮಜ್ಜಿ ಸಾರು ಮಾಡಿದ್ದರು ಅಂತ ನಿಮ್ಮಮ್ಮ ಒಲೆ ಆರಿಸಿದರಾ? ಕಥೆ ನಂಬೋ ಹಾಗಿಲ್ಲ ಅಂತ ಮತ್ತೊಬ್ಬರು. ನಂಬಬೇಡಿ. ನಕ್ಕಿರೋ ಇಲ್ವೋ?

ಅಂದ ಹಾಗೆ ಸಬ್‌ಸ್ಕ್ರೈಬ್ ಒತ್ತಿ. ಕಮಲ್ ಕೂಡ ಬಟನ್ ಒತ್ತಿದ ಮೇಲೇ ನೆಮ್ಮದಿ ಕಂಡಿದ್ದು.

ಇದೇ ಸಿನಿಮಾದಲ್ಲಿ ಟಿನ್ನು ಆನಂದ್ ಇದ್ದಾನಲ್ಲ, ಕೊಲೆಗಾರನ ಪಾತ್ರ. ಅವನ ಚಾಕು ಐಸಿನದು. ಕರಗಿದ ಮೇಲೆ ಸಾಕ್ಷಿ ಇಲ್ಲ. ಆದರೆ ಕರಗೋಕೆ ಮುಂಚೆ ಚುಚ್ಚಬೇಕಲ್ಲ ಪಾಪ! ಕಾಯೋದೇ ಅಲ್ಲಿ ತಮಾಷೆ. ಎರಡು ಪಟ್ಟು ಸ್ಪೀಡಂತೆ. ಐಸ್ ಕೂಡ ನಿಮಗೋಸ್ಕರ ಬೇಗ ಕರಗಬೇಕಾ? ನಮ್ಮಮ್ಮನಿಗೆ ಈ ಸಿನಿಮಾ ಹಾಕಿದರೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ನಿಂತುಬಿಡುತ್ತಾರೆ. ಸೀರಿಯಲ್ ಆದರೆ ಒಳಗಿಂದಲೇ ಕೇಳಿಸಿಕೊಳ್ಳುತ್ತಾರೆ. ಇದಕ್ಕಿಂತ ಪ್ರೂಫ್ ಬೇಕಾ? ಬೇಕಿದ್ದರೂ ನನ್ನ ಹತ್ತಿರ ಇಲ್ಲ. ಮಾತಿಲ್ಲ. ಸದ್ದಿದೆ. ಅಷ್ಟೇ!

ಅಯ್ಯೋ, ಪಕ್ಕದ ಮನೆಯಲ್ಲಿ ಮಿಕ್ಸಿ ಶುರುವಾಯಿತು. ಎಡಿಟ್ ಮಾಡೋ ತಮ್ಮಾ, ಅದನ್ನು ತೆಗೀಬೇಡ. ಇರಲಿ.