ಮೊದಲು ರಿಪೇರಿ ದುಡ್ಡಿನ ಬಗ್ಗೆ ಮಾತಾಡೋಣ

ನಮಸ್ಕಾರ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಹತ್ತಿರದ ತುಂಗಭದ್ರಾ (ಟಿಬಿ) ಡ್ಯಾಮಿನ 19ನೇ ಕ್ರಸ್ಟ್ ಗೇಟಿನ (ಡ್ಯಾಮಿನ ಮೇಲ್ಭಾಗದಿಂದ ನೀರು ಬಿಡೋ ಗೇಟು) ಚೈನ್ ತುಂಡಾಗಿ ಗೇಟೇ ಕೊಚ್ಚಿ ಹೋಯಿತು. ಡ್ಯಾಮ್ ತುಂಬಿತ್ತು. ಕೊಪ್ಪಳ, ಬಳ್ಳಾರಿ, ರಾಯಚೂರಿನ ರೈತರು ಆ ನೀರನ್ನೇ ನಂಬಿ ಭತ್ತ ಹಾಕಿದ್ದರು, ಆದರೆ ಡ್ಯಾಮ್ ಉಳಿಸೋಕೆ ಬೇರೆ ಗೇಟುಗಳನ್ನೂ ಎತ್ತಿ ನೀರನ್ನು ನದಿಗೆ ಬಿಡಬೇಕಾಯಿತು. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಲ್ಲೇ ಸ್ಟಾಪ್ ಲಾಗ್ (ಗೇಟಿನ ಜಾಗಕ್ಕೆ ಅಡ್ಡ ಇಡೋ ಉಕ್ಕಿನ ತಡೆ) ಇಳಿಸಿತು. ಅವರಿಗೆ ಎಷ್ಟು ಕೈ ಮುಗಿದರೂ ಕಡಿಮೆ.

ಆದರೆ ಚೈನ್ ತುಂಡಾಗೋವರೆಗೂ ಕಾಯಬೇಕಿತ್ತಾ?

ಹವಾಮಾನ ಬದಲಾವಣೆ ಅಂದ ಕೂಡಲೇ ನಮ್ಮಲ್ಲಿ ಹೊಸ ಯೋಜನೆಯ ಮಾತು ಶುರುವಾಗುತ್ತದೆ. ನಾನು ಹೇಳೋದು, ಮೊದಲು ಇದ್ದದ್ದನ್ನು ರಿಪೇರಿ ಮಾಡಿ. ಈ ಡ್ಯಾಮಿಗೆ ನೀರು ನಿಲ್ಲಿಸಿದ್ದು 1953ರಲ್ಲಿ. ಆಗ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಮಳೆಯೋ, ತಿಂಗಳುಗಟ್ಟಲೆ ಕಾಯಿಸಿ ನಾಲ್ಕೇ ದಿನದಲ್ಲಿ ಸುರಿದುಬಿಡುತ್ತದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ನೆರೆ ರಾಯಚೂರಿನವರಿಗೆ ಇನ್ನೂ ಮರೆತಿಲ್ಲ. ಒಮ್ಮೆಗೇ ಬರೋ ನೀರು ಜಾಸ್ತಿ, ಹಿಡಿದಿಡೋ ಜಾಗ ಕಡಿಮೆ, ಹಾಗಾಗಿ ಭಾರವೆಲ್ಲ ಬಿದ್ದದ್ದು ಎಪ್ಪತ್ತು ವರ್ಷದ ಹಳೇ ಗೇಟುಗಳ ಮೇಲೆ.

ಡ್ಯಾಮಿನ ಕೆಳಗೆ ಇದೇ ನದಿಯ ಮೇಲಿರೋ ಕಂಪ್ಲಿ ಸೇತುವೆ ನೋಡಿ. ಡ್ಯಾಮಿಂದ ನೀರು ಜಾಸ್ತಿ ಬಿಟ್ಟಾಗಲೆಲ್ಲ ಮುಳುಗುತ್ತದೆ. ಗಂಗಾವತಿ ಆಸ್ಪತ್ರೆಗೆ ಹೊರಟವರು ಕಡೆಬಾಗಿಲು ಸೇತುವೆ ಸುತ್ತಿಕೊಂಡು ಹೋಗಬೇಕು. ಅಲ್ಲಿ ಎತ್ತರದ ಸೇತುವೆ ಬೇಕು ಅನ್ನೋದು ಹಳೇ ಬೇಡಿಕೆ, ಅದು ಆಗಲೇಬೇಕು.

ಹೂಳಿನಿಂದ ಕಳೆದುಕೊಂಡ ನೀರು ಹಿಡಿದಿಡೋಕೆ ಕಟ್ಟಬೇಕು ಅಂತಿರೋ ಹೊಸ ನವಲಿ ಜಲಾಶಯ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ನಾಳೆ ಅದಕ್ಕೂ ಗೇಟು ಇರುತ್ತದೆ, ಹೂಳೂ ಬರುತ್ತದೆ, ಅಲ್ವಾ? ಹೊಸದಕ್ಕೆ ಶಂಕುಸ್ಥಾಪನೆ ಇದೆ, ಹಾರ ತುರಾಯಿ ಇದೆ. ಚೈನಿಗೆ ಗ್ರೀಸ್ ಹಚ್ಚಿದ್ದಕ್ಕೆ ಯಾರೂ ಫೋಟೋ ತೆಗೆಸಿಕೊಳ್ಳೋದಿಲ್ಲ, ಅದಕ್ಕೇ ಆ ಕೆಲಸ ಹಿಂದೆ ಬೀಳೋದು. 2025ರಲ್ಲಿ ಗೇಟುಗಳ ಸ್ಥಿತಿ ನೋಡಿ ಡ್ಯಾಮನ್ನು 80 ಟಿಎಂಸಿಗೇ ನಿಲ್ಲಿಸಿದರು. ಎರಡನೇ ಬೆಳೆಗೆ ನೀರಿಲ್ಲ ಅಂದರೆ ಕಾಲುವೆಯ ಕೊನೆ ಭಾಗದ ಹಳ್ಳಿಗಳಲ್ಲಿ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಗುಳೆ. ಆ ನಷ್ಟದ ಮುಂದೆ ಚೈನಿನ ಖರ್ಚು ಎಷ್ಟು?

ರಿಪೇರಿ ದುಡ್ಡನ್ನು ಬೇರೆ ಯಾವುದಕ್ಕೂ ತಿರುಗಿಸದ ಹಾಗೆ ಬಜೆಟ್‌ನಲ್ಲೇ ಪ್ರತ್ಯೇಕವಾಗಿ ಇಡಬೇಕು. ಪ್ರತಿ ವರ್ಷ ಮುಂಗಾರಿಗೆ ಮೊದಲು ಯಾವ ಗೇಟನ್ನು ಯಾರು, ಯಾವತ್ತು ಪರೀಕ್ಷೆ ಮಾಡಿದರು, ಏನು ಕಂಡರು ಅನ್ನೋ ವರದಿ ಕನ್ನಡದಲ್ಲೇ ಪಂಚಾಯ್ತಿ ಬೋರ್ಡಿಗೆ ಬರಬೇಕು. ಮುಂದಿನ ಸಲ ನಿಮ್ಮ ಶಾಸಕರು ಊರಿಗೆ ಬಂದಾಗ ಇದನ್ನೇ ಕೇಳಿ.